ನಂಜೇಗೌಡರು ಜಗಳ ಬಿಟ್ಟ ವರ್ಷ

ಆಲೂಗಡ್ಡೆ ಬೇಯುವ ವಾಸನೆ ಬಂದರೆ ನಾನು ಈಗಲೂ ಕಾಲು ಮೇಲೆತ್ತಿಕೊಂಡು ಕೂರುತ್ತೇನೆ. ಕಳೆದ ವಾರ ಶ್ರೀರಂಗಪಟ್ಟಣದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಹೀಗೇ ಆಯಿತು. ಪಕ್ಕದ ಬಿಸಿಯೂಟದ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ ಇಟ್ಟಿದ್ದರು. ನಾನು ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕಾಲು ಮಡಚಿದ್ದನ್ನು ಕಂಡು, ಹೊಸದಾಗಿ ಬಂದಿರುವ ವಿಜ್ಞಾನದ ಮೇಡಂ ಯಾಕೆಂದು ಕೇಳಿದರು. ಹಾವು ಸುಳಿದಾಡುವ ಜಾಗದಲ್ಲಿ ಬೆಂದ ಆಲೂಗಡ್ಡೆಯ ವಾಸನೆ ಬರುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ ಎಂದೆ. ಅದೆಲ್ಲ ಸುಳ್ಳು ಎಂದು ಅವರು ನಕ್ಕರು. ಸುಳ್ಳೇ ಇರಬಹುದು. ಆದರೆ ನನ್ನ ಗಂಡನಿಗೆ ಕೊಳಕುಮಂಡಲ ಕಚ್ಚಿದ ಸಂಜೆ ನಮ್ಮ ಹಿತ್ತಲಿನಲ್ಲಿ ಆ ವಾಸನೆ ಗಮ್ಮೆಂದು ಹರಡಿತ್ತು. ಅದು ಬರುತ್ತಿದ್ದುದು ನಮ್ಮ ಮನೆಯ ಒಲೆಯಿಂದಲೇ. ಆವತ್ತು ನಾನು ಆಲೂಗಡ್ಡೆ ಸಾರು ಮಾಡುತ್ತಿದ್ದೆ.

ಆಗ ನಾನು ಶೀಳನೆರೆಯ ಶಾಲೆಯಲ್ಲಿದ್ದೆ. ಗಂಡನ ಊರು ಅಲ್ಲಿಗೆ ಹತ್ತಿರ, ನಡೆದೇ ಹೋಗಿ ಬರುವಷ್ಟು. ನನ್ನ ಯಜಮಾನರ ಹೆಸರು ನಂಜೇಗೌಡ. ರಾಗಿ, ಕಬ್ಬು, ಎರಡು ಸೀಮೆಹಸು, ಬಾಯಿ ತುಂಬ ಜಗಳ. ಕೈ ಎತ್ತಿದವರಲ್ಲ, ಕೆಟ್ಟ ಮಾತು ಆಡಿದವರಲ್ಲ. ಆದರೆ ಜಗತ್ತಿನಲ್ಲಿ ಯಾವ ಕೆಲಸವನ್ನೂ ಯಾರೂ ಸರಿಯಾಗಿ ಮಾಡುತ್ತಿಲ್ಲ ಎಂಬುದು ಅವರ ಗಟ್ಟಿ ಅಭಿಪ್ರಾಯ. ಡೇರಿಯಲ್ಲಿ ಹಾಲು ಅಳೆಯುವವನ ಜೊತೆ ಬೆಳಿಗ್ಗೆ ಶುರುವಾದರೆ, ಕರೆಂಟು ತೆಗೆದ ಲೈನ್‌ಮನ್ನು, ನಿಲ್ಲಿಸದೆ ಹೋದ ಬಸ್ಸು, ಟಿವಿಯಲ್ಲಿ ವಾರ್ತೆ ಓದುವ ಹುಡುಗಿ, ಕೊನೆಗೆ ನನ್ನ ಸಾರಿನ ಉಪ್ಪು. ಟಿವಿಯ ಹುಡುಗಿ ಮಾತ್ರ ತಿರುಗಿ ಮಾತಾಡುತ್ತಿರಲಿಲ್ಲ. ನಾನು ಪಾಂಡವಪುರದವಳು, ನಾನೂ ಬಿಡುವವಳಲ್ಲ. ಮದುವೆಯಾದಾಗಿನಿಂದ ನಮ್ಮ ಸಂಸಾರ ಹೀಗೆ ಗಲಗಲ ಎಂದು ನಡೆದುಕೊಂಡು ಬಂದಿತ್ತು.

ರಾಗಿ ಕುಯ್ಲು ಮುಗಿದು, ಹಿತ್ತಲಲ್ಲಿ ಹುಲ್ಲಿನ ಮೆದೆ ಹಾಕಿದ್ದ ದಿನಗಳು. ಹಸುಗಳಿಗೆ ಹುಲ್ಲು ಹಿರಿಯಲೆಂದು ಅವರು ಬರಿಗಾಲಲ್ಲಿ ಹೋದರು. ಮೆದೆಯನ್ನು ಯಾರೋ ತಪ್ಪು ಮಗ್ಗುಲಿನಿಂದ ಹಿರಿದಿದ್ದರು. ಆ ಯಾರೋ ನಾನೇ. ಅವರು ಅಲ್ಲಿಂದಲೇ ಜೋರಾಗಿ ಶುರುಮಾಡಿದ್ದು ನನಗೆ ಒಲೆಯ ಮುಂದೆ ಕೇಳಿಸುತ್ತಿತ್ತು. ನಡುವೆ ಕುಕ್ಕರ್ ಹಬೆ ಬಿಟ್ಟಂಥ ಸದ್ದು ಬಂತು. ನಮ್ಮ ಕುಕ್ಕರ್ ಒಲೆಯ ಮೇಲೆ ಇರಲಿಲ್ಲ. ಅವರು ಒಳಗೆ ಬಂದು, ಕಾಲಿನ ಹೆಬ್ಬೆರಳ ಹತ್ತಿರ ಒಸರುತ್ತಿದ್ದ ರಕ್ತ ತೋರಿಸಿ, ಕೊಳಕುಮಂಡಲ ಕಚ್ಚಿತು ಎಂದರು. ಹೇಳಿ ಮುಗಿಸಿ, ಮೆದೆಯನ್ನು ಯಾವ ಮಗ್ಗುಲಿನಿಂದ ಹಿರಿಯಬೇಕು ಎನ್ನುವ ಮಾತನ್ನು ಬಿಟ್ಟಲ್ಲಿಂದ ಮುಂದುವರಿಸಿದರು.

ನಮ್ಮತ್ತೆ ಪುಟ್ಟತಾಯಮ್ಮ ಮಂತ್ರ ಹಾಕುವವನನ್ನು ಕರೆಸಿ ಎಂದು ಎದೆ ಬಡಿದುಕೊಂಡರು. ನಾನು ಬೀದಿಗೆ ಓಡಿದೆ. ಆ ಹೊತ್ತಿಗೆ ಬೀದಿಯಲ್ಲಿ ವ್ಯಾನು ಇದ್ದುದು ಒಬ್ಬನ ಹತ್ತಿರ, ತಮ್ಮಣ್ಣನ ಹತ್ತಿರ. ತಮ್ಮಣ್ಣ ನಮ್ಮ ದಾಯಾದಿ, ಯಜಮಾನರ ಚಿಕ್ಕಪ್ಪನ ಮಗ. ಎರಡು ಹೊಲದ ನಡುವಿನ ಬದುವಿನ ಮೇಲೆ ಇಬ್ಬರಿಗೂ ಎಷ್ಟೋ ವರ್ಷದ ವ್ಯಾಜ್ಯ; ಮುಖ ಕಂಡರೆ ಬೈದಾಡದೆ ಮುಂದಕ್ಕೆ ಹೋದವರಲ್ಲ. ಅವನು ಒಂದು ಮಾತೂ ಕೇಳದೆ ವ್ಯಾನು ತೆಗೆದ. ಕೆ.ಆರ್.ಪೇಟೆಯವರೆಗೂ ಇಬ್ಬರೂ ಯಾವ ದಾರಿ ಹತ್ತಿರ ಎಂದು ಜಗಳವಾಡಿಕೊಂಡೇ ಹೋದರು. ಆಸ್ಪತ್ರೆಯ ಬಾಗಿಲಲ್ಲಿ ಇಳಿಯುವಾಗ ಯಜಮಾನರ ವಸಡಿನಿಂದ ರಕ್ತ ಬರುತ್ತಿತ್ತು. ಆಗ ತಮ್ಮಣ್ಣ ಬಾಯಿ ಮುಚ್ಚಿಕೊಂಡ.

ಅಲ್ಲಿ ವಿಷ ಇಳಿಸುವ ಇಂಜೆಕ್ಷನ್ ಹಾಕಿ, ಮೈಸೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕಾಲು ಬಾಳೆದಿಂಡಿನಂತೆ ಊದಿತು. ಮೂತ್ರ ನಿಂತುಹೋಯಿತು. ಕಿಡ್ನಿ ಕೆಲಸ ಮಾಡುತ್ತಿಲ್ಲ ಎಂದು ಡಯಾಲಿಸಿಸ್‌ಗೆ ಹಾಕಿದರು. ಆ ದಿನಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಐಸಿಯುವಿನ ಹೊರಗೆ ಚಾಪೆ ಹಾಸಿಕೊಂಡು ನಾನೂ ಅತ್ತೆಯೂ ಕೂತಿರುತ್ತಿದ್ದೆವು. ಅತ್ತೆ ಆಗಾಗ, ಹೆಸರಿನಲ್ಲೇ ನಂಜು ಇಟ್ಟುಕೊಂಡವನಿಗೆ ಹಾವಿನ ನಂಜು ಏನು ಮಾಡೀತು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಅವರ ಮಾತೇ ನಿಜವಾಯಿತು. ಕಿಡ್ನಿ ನಿಧಾನವಾಗಿ ಮತ್ತೆ ಹಿಡಿದುಕೊಂಡಿತು. ಸಂಕ್ರಾಂತಿಯ ಹೊತ್ತಿಗೆ ಮನೆಗೆ ಬಂದೆವು.

ಬಂದವರು ಬೇರೆಯೇ ಮನುಷ್ಯ.

ಮೊದಲ ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಊಟ ಮಾಡಿ, ಕೈ ತೊಳೆದು, ಹೋಗಿ ಮಲಗಿದರು. ಡೇರಿಯವನು ಬರೆದುಕೊಟ್ಟದ್ದನ್ನು ನೋಡದೆ ಜೇಬಿಗೆ ಇಟ್ಟುಕೊಂಡರು. ಟಿವಿಯ ಹುಡುಗಿ ಏನು ಹೇಳಿದರೂ ಸುಮ್ಮನೆ ಕೇಳಿದರು. ಏನೇ ಕೇಳಿದರೂ ಒಂದೇ ಉತ್ತರ, "ಆಗ್ಲಿ ಬುಡು." ಆಸ್ಪತ್ರೆಯಿಂದ ಬಂದ ಆಯಾಸ ಎಂದುಕೊಂಡೆ. ಶಿವರಾತ್ರಿ ಕಳೆದರೂ ಹಾಗೇ ಇದ್ದಾಗ, ಸಾವಿನ ಬಾಗಿಲು ತಟ್ಟಿ ಬಂದವರಿಗೆ ಬುದ್ಧಿ ಬಂದಿದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಬಹಳ ಸಂತೋಷವಾಗಿತ್ತು. ಶಾಲೆಯಿಂದ ಬಂದು ಕಾಫಿ ಕುಡಿಯುತ್ತ ಜಗುಲಿಯ ಮೇಲೆ ಕೂತರೆ ಮನೆಯೊಳಗೆ ಗಡಿಯಾರದ ಸದ್ದು ಕೇಳುತ್ತಿತ್ತು. ನಮ್ಮ ಮನೆಯ ಗಡಿಯಾರಕ್ಕೆ ಸದ್ದಿದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಹೊಟ್ಟೆಕಿಚ್ಚಿನಿಂದ ನೋಡತೊಡಗಿದರು. ಪಕ್ಕದ ಮನೆಯ ಜಯಮ್ಮ, ಅಂಥ ಹಾವು ಇನ್ನೊಂದು ನಿಮ್ಮ ಮೆದೆಯಲ್ಲಿದ್ದರೆ ನಮ್ಮನೆಯವರನ್ನೂ ಹುಲ್ಲು ಹಿರಿಯಲು ಕಳಿಸುತ್ತೇನೆ ಎಂದಳು. ಅತ್ತೆಯಂತೂ ಇದು ನಾಗಪ್ಪನ ಕೃಪೆ ಎಂದು ತೀರ್ಮಾನಿಸಿ, ಕಚ್ಚಿದ್ದು ಯಾವ ಮುಹೂರ್ತದಲ್ಲಿ ಎಂದು ಬಂದವರಿಗೆಲ್ಲ ಹೇಳತೊಡಗಿದರು.

ಇದರಿಂದ ಇನ್ನೊಂದು ತಮಾಷೆಯಾಯಿತು. ಊರಿನಲ್ಲಿ ಅಣ್ಣತಮ್ಮಂದಿರಿಬ್ಬರ ನಡುವೆ ಬಾವಿಯ ನೀರಿನ ತಕರಾರಿತ್ತು. ನ್ಯಾಯಕ್ಕೆ ಕೂರುವ ಹಿರಿಯರಲ್ಲಿ ಒಬ್ಬರು ಕಾಯಿಲೆ ಬಿದ್ದಿದ್ದರು. ನಂಜೇಗೌಡ ಈಗ ತೂಕದ ಮನುಷ್ಯನಾಗಿದ್ದಾನೆ ಎಂದು ಇವರನ್ನು ಕರೆದರು. ಕಂಬಳಿ ಹೊದ್ದು ಹೋಗಿ ಅರಳಿಕಟ್ಟೆಯ ಮೇಲೆ ಕೂತರು. ಒಬ್ಬ ಹೇಳಿದ, ಇನ್ನೊಬ್ಬ ಹೇಳಿದ. ಇವರು ಕಣ್ಣು ಮುಚ್ಚಿ ಕೇಳಿದರು. ಅವರಿಬ್ಬರೂ ಮತ್ತೆ ಹೇಳಿದರು, ಇವರು ಕಣ್ಣು ಮುಚ್ಚಿಕೊಂಡೇ ಇದ್ದರು. ಗೌಡರು ಆಳವಾಗಿ ಯೋಚಿಸುತ್ತಿದ್ದಾರೆ ಎಂದು ಕಟ್ಟೆಯೇ ಸ್ತಬ್ಧವಾಯಿತು. ಆ ಮೌನ ತಡೆಯಲಾರದೆ ಅಣ್ಣನಾದವನು ಒಂದು ದಿನ ಬಿಟ್ಟು ಒಂದು ದಿನ ನೀರು ಹಾಯಿಸಿಕೊಳ್ಳೋಣ ಎಂದ, ತಮ್ಮ ಒಪ್ಪಿದ. ಎಲ್ಲರೂ ಇವರ ಕಡೆ ತಿರುಗಿದಾಗ ಇವರು ಗೊರಕೆ ಹೊಡೆಯುತ್ತಿದ್ದರು. ಆದರೂ ಆ ಒಪ್ಪಂದ ಮುರಿಯಲಿಲ್ಲ. ಊರಿನಲ್ಲಿ ಅದನ್ನು ಈಗಲೂ ನಂಜೇಗೌಡರ ನ್ಯಾಯ ಎನ್ನುತ್ತಾರೆ.

ಯುಗಾದಿ ಬಂತು. ಬಿಸಿಲು ನೆತ್ತಿ ಸುಡುತ್ತಿತ್ತು. ನಾವೆಲ್ಲ ನೆಲಕ್ಕೆ ನೀರು ಚಿಮುಕಿಸಿಕೊಂಡು ಅಂಗಳದಲ್ಲಿ ಮಲಗುತ್ತಿದ್ದರೆ, ಇವರು ಒಳಗೆ ಸ್ವೆಟರ್ ಹಾಕಿ, ಮಂಕಿಕ್ಯಾಪು ಎಳೆದುಕೊಂಡು, ಅದರ ಮೇಲೆ ಕಂಬಳಿ. ಕ್ಷೌರದವನು ಮನೆಗೆ ಬಂದು ಇವರ ಗದ್ದ ಸವರಿ, ಏನೂ ಬೆಳೆದಿಲ್ಲವಲ್ಲ ಗೌಡರೇ ಎಂದು ಹಿಂತಿರುಗಿದ. ಮುಂದಿನ ಸಲವೂ ಹಾಗೇ ಹೋದ. ಮೀಸೆ ತೆಳ್ಳಗಾಗಿ, ಕಾಡಿಗೆ ಒರೆಸಿದ ಗುರುತಿನಂತೆ ಉಳಿಯಿತು. ಕೆನ್ನೆ ನುಣುಪಾಗಿ ಬಿಳುಚಿಕೊಂಡು, ತೆಳು ಸುಕ್ಕು ಬಿತ್ತು. ರಾತ್ರಿ ಅವರು ಗೋಡೆಯ ಕಡೆ ತಿರುಗಿ ಮಲಗಿದರೆ ಬೆಳಗಿನವರೆಗೂ ಗೋಡೆಯ ಜೊತೆಗೇ ಸಂಸಾರ. ಅದನ್ನು ಯಾರ ಹತ್ತಿರ ಹೇಳುವುದು? ಜಯಮ್ಮನಿಗೆ ಹೇಳಿದರೆ ಸಂಜೆಯೊಳಗೆ ಶೀಳನೆರೆ ಸಂತೆಗೆ ತಲುಪುತ್ತಿತ್ತು.

ಬಿಂಡಿಗನವಿಲೆಯ ನಾದಿನಿಯ ಮನೆಯಲ್ಲಿ ಬೀಗರ ಊಟಕ್ಕೆ ಹೋಗಿದ್ದೆವು. ಕುರಿಗಳ ಊರು, ಊಟದ ಸಂಭ್ರಮ ಕೇಳಬೇಕೆ. ಮುದ್ದೆಯ ಮೇಲೆ ಮುದ್ದೆ ಹಾಕಿಸಿಕೊಂಡು, ಮಾಂಸ ಬೆಂದಿಲ್ಲ ಎಂದು ಬಡಿಸುವವನ ಜೊತೆ ಜಗಳವಾಡುತ್ತಲೇ ಮೂರು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದ ಮನುಷ್ಯ, ಒಂದು ತುಂಡು ತಿಂದು ಎಲೆ ಮಡಚಿದರು. ಮಾಂಸ ನಿಜವಾಗಿಯೂ ಬೆಂದಿರಲಿಲ್ಲ. ನಾದಿನಿ ನನ್ನನ್ನು ಮೂಲೆಗೆ ಕರೆದು, ಅಣ್ಣನಿಗೆ ನಾನು ಏನು ಮಾಡಿದ್ದೇನೆ ಎಂದು ಕೇಳಿದಳು.

ಇದು ಕಾಯಿಲೆ ಎಂದು ನನಗೆ ಮನವರಿಕೆ ಮಾಡಿಕೊಟ್ಟವನು ಮಾತ್ರ ತಮ್ಮಣ್ಣ. ಮುಂಗಾರಿಗೆ ಮುಂಚೆ ಹೊಲ ಉಳುವ ಕಾಲ, ಶಾಲೆಗೆ ಇನ್ನೂ ಬೇಸಿಗೆ ರಜೆ ಬಂದಿರಲಿಲ್ಲ. ಒಂದು ಬೆಳಿಗ್ಗೆ ಅವನು ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದ. ತಲೆಯ ಟವಲು ಕೈಯಲ್ಲಿತ್ತು. ರಾತ್ರಿ ಊಟ ಮಾಡಿದವನ ಮುಖವಾಗಿರಲಿಲ್ಲ.

"ಅತ್ತಿಗೆಮ್ಮ, ಅಣ್ಣುನ್ನ ದೊಡ್ ಡಾಕ್ಟ್ರಿಗೆ ತೋರ್ಸಿ," ಎಂದ. "ನೆನ್ನೆ ನಾನು ಬದಾ ದಾಟಿ ಒಂದ್ ಸಾಲು ನಿಮ್ ಒಲುಕ್ಕೆ ಉತ್ಬುಟ್ಟೆ. ಅಣ್ಣ ನಿಂತ್ಕಂಡ್ ನೋಡ್ತಾನೆ ಇದ್ದ. ಓಗ್ಲಿ ಬುಡು ತಮ್ಮಣ್ಣ, ಮಣ್ಣು ಎಲ್ಗೋಯ್ತದೆ ಅಂದ್ಬುಟ್ಟ."

ಬದು ದಾಟಿ ಯಾಕೆ ಉತ್ತೆ ಎಂದು ನಾನು ಕೇಳಿದೆ.

"ಬಯ್ತಾನೇನೋ ನೋಡಣ ಅಂತ," ಎಂದ ತಮ್ಮಣ್ಣ. ಅವನ ಕಣ್ಣಿನಲ್ಲಿ ನೀರಿತ್ತು. ಸಂಜೆಯೊಳಗೆ ಅವನೇ ಆ ಸಾಲನ್ನು ಗುದ್ದಲಿ ಹಿಡಿದು ಸರಿಮಾಡಿದನಂತೆ.

ಆವತ್ತೇ ನನ್ನ ಸಂತೋಷ ಇಳಿದುಹೋಯಿತು. ಬದುವಿನ ಮಣ್ಣು ಹೋದರೂ ಬಯ್ಯದ ನಂಜೇಗೌಡರು ನಂಜೇಗೌಡರಲ್ಲ. ತವರಿಗೆ ಹೋಗುವ ನೆಪ ಮಾಡಿ ಪಾಂಡವಪುರದ ಡಾಕ್ಟರೊಬ್ಬರಿಗೆ ತೋರಿಸಿದೆ. ಒಳ್ಳೆಯ ಡಾಕ್ಟರೇ. ಇಷ್ಟು ಚಳಿ ಎಂದರೆ ಥೈರಾಯಿಡ್ ಇರಬಹುದು ಎಂದು ರಕ್ತ ಪರೀಕ್ಷೆ ಮಾಡಿಸಿದರು. ನಾರ್ಮಲ್ ಎಂದು ಬಂತು. ರಕ್ತ ಸ್ವಲ್ಪ ಕಮ್ಮಿ ಎಂದು ಟಾನಿಕ್ ಬರೆದುಕೊಟ್ಟರು. ಟಾನಿಕ್ ಕುಡಿದು ಇವರು ಇನ್ನೂ ಚೆನ್ನಾಗಿ ನಿದ್ದೆ ಮಾಡಿದರು.

ಜೂನ್ ಬಂತು, ಶಾಲೆ ಶುರುವಾಯಿತು, ಮೊದಲ ಮಳೆ ಬಿತ್ತು. ಮಳೆಯ ಬೆನ್ನಿಗೇ ಇವರಿಗೆ ಜ್ವರ, ಎರಡು ದಿನ ವಾಂತಿ. ಬೆಳಿಗ್ಗೆ ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು, ಹಣೆಯ ಮೇಲೆ ಬೆವರು. ಅಲ್ಲಾಡಿಸಿದೆ. ಕಣ್ಣು ಅರ್ಧ ತೆರೆದು ನನ್ನನ್ನು ನೋಡಿ, "ಯಾಕ್ ಬಂದ್ರಿ ಮೇಡಮ್ಮೋರೆ?" ಎಂದರು. ಮದುವೆಯಾದಾಗಿನಿಂದ ನನಗೆ ಅವರು ಬಹುವಚನ ಹಾಕಿದ್ದು ಅದೇ ಮೊದಲು. ನಾನು ಬೀದಿಗೆ ಓಡಿದೆ.

ಮತ್ತೆ ತಮ್ಮಣ್ಣನ ವ್ಯಾನು. ಈ ಸಲ ದಾರಿಯಲ್ಲಿ ಜಗಳವಿಲ್ಲ. ನೆಟ್ಟನೆಯ ರಸ್ತೆಯಲ್ಲೂ ತಮ್ಮಣ್ಣ ಹಿಂದೆ ತಿರುಗಿ, ಯಾವ ದಾರೀಲಿ ಓಗಣ ಅಣ್ಣ ಎಂದು ಕೇಳುತ್ತಿದ್ದ. ಉತ್ತರ ಬರುತ್ತಿರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಬಿಪಿ ಸಿಗುತ್ತಿಲ್ಲ, ಸಕ್ಕರೆ ತೀರ ಇಳಿದಿದೆ, ಮೈಯಲ್ಲಿ ಉಪ್ಪಿನಂಶವೂ ಇಲ್ಲ ಎಂದು ಎಲ್ಲರೂ ಓಡಾಡಿದರು. ಡ್ರಿಪ್ ಹಾಕಿದರು. ಆಮೇಲೆ ಒಬ್ಬ ಲೇಡಿ ಡಾಕ್ಟರು ಬಂದರು. ತೆಳ್ಳಗಿನ ಹೆಂಗಸು, ಆತುರವಿಲ್ಲದ ಮಾತು. ಇವರ ಕೆನ್ನೆಯನ್ನು ಬೆರಳಿನಿಂದ ಸವರಿ ನೋಡಿ, ಕೊನೆಯ ಸಲ ಗಡ್ಡ ಹೆರೆಸಿದ್ದು ಯಾವಾಗ ಎಂದು ಕೇಳಿದರು. ಸಾಯುತ್ತಿರುವ ಮನುಷ್ಯನ ಗಡ್ಡದ ಚಿಂತೆ ಇವರಿಗೇಕೆ ಎನಿಸಿತು ನನಗೆ. ಸಂಕ್ರಾಂತಿಯಿಂದ ಬೆಳೆದೇ ಇಲ್ಲ ಎಂದೆ. ಅವರ ಹುಬ್ಬು ಮೇಲಕ್ಕೇರಿತು. ಚಳಿ, ನಿದ್ದೆ, ಊಟ ಎಲ್ಲ ಕೇಳಿದರು. ಆಮೇಲೆ ದನಿ ತಗ್ಗಿಸಿ, ಗಂಡ ಹೆಂಡತಿ ಸಂಬಂಧ ಹೇಗಿದೆ ಎಂದು ಕೇಳಿದರು.

ನಾನು ನೆಲ ನೋಡಿದೆ. ಪಕ್ಕದಲ್ಲಿದ್ದ ಅತ್ತೆಗೆ ಸೊಸೆಯ ಮೌನ ಸಹಿಸಲಾಗಲಿಲ್ಲ.

"ಬೋ ಚೆಂದಾಗವ್ರೆ ಡಾಕ್ಟ್ರಮ್ಮ," ಎಂದರು. "ಆರ್ ತಿಂಗ್ಳಿಂದ ಒಂದು ಗಲಾಟೆ ಇಲ್ಲ. ರಾತ್ರಿ ಒತ್ತಂತೂ ಉಸ್ರೇ ಇಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಬೇಕಾದ ಉತ್ತರ ಅವರಿಗೆ ಸಿಕ್ಕಿತ್ತು. ಕೊನೆಗೆ, ಹಿಂದೆ ಏನಾದರೂ ದೊಡ್ಡ ಕಾಯಿಲೆ ಆಗಿತ್ತೇ ಎಂದರು. ಹಾವು ಕಚ್ಚಿತ್ತು ಎಂದೆ. ಯಾವ ಹಾವು ಎಂದರು. ಕೊಳಕುಮಂಡಲ, ಕಿಡ್ನಿ ನಿಂತಿತ್ತು ಎಂದೆ. ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಆ ಆಸ್ಪತ್ರೆಯಲ್ಲಿ ಡಾಕ್ಟರೊಬ್ಬರು ಕೂತದ್ದನ್ನು ನಾನು ಆವತ್ತೇ ಕಂಡದ್ದು.

ಸಂಜೆ, ರಕ್ತ ಪರೀಕ್ಷೆಗೆ ಕಳಿಸಿ, ಸ್ಟೀರಾಯ್ಡ್ ಇಂಜೆಕ್ಷನ್ ಶುರುಮಾಡಿಸಿದ ಮೇಲೆ, ಎಲ್ಲ ಬಿಡಿಸಿ ಹೇಳಿದರು. ಮಿದುಳಿನ ಕೆಳಗೆ ಪಿಟ್ಯುಟರಿ ಎಂಬ ಗ್ರಂಥಿ ಇದೆಯಂತೆ, ಕಡಲೆಕಾಳಿನಷ್ಟು ದೊಡ್ಡದು. ಮೈಯ ಉಳಿದ ಗ್ರಂಥಿಗಳೆಲ್ಲ ಅದು ಹೇಳಿದಂತೆ ಕೇಳುತ್ತವೆ. ಕೊಳಕುಮಂಡಲದ ವಿಷ ರಕ್ತವನ್ನು ಕೆಡಿಸಿದಾಗ, ಅಪರೂಪಕ್ಕೆ ಕೆಲವರಲ್ಲಿ ಆ ಕಾಳಿಗೆ ರಕ್ತ ಹೋಗದೆ ಅದು ಸತ್ತುಹೋಗುತ್ತದೆ. ಕೂಡಲೇ ಗೊತ್ತಾಗುವುದಿಲ್ಲ. ತಿಂಗಳುಗಳು ಕಳೆದಂತೆ ಮೈ ಬಿಸಿ ಇರಿಸುವ ಹಾರ್ಮೋನು, ಗಡ್ಡ ಮೀಸೆ ಬೆಳೆಸುವ ಹಾರ್ಮೋನು, ಜ್ವರ ಬಂದಾಗ ತಡೆದುಕೊಳ್ಳುವ ಶಕ್ತಿ ಕೊಡುವ ಹಾರ್ಮೋನು ಒಂದೊಂದಾಗಿ ಕಮ್ಮಿಯಾಗುತ್ತವೆ. ಥೈರಾಯಿಡ್ ಗ್ರಂಥಿ ಸರಿಯಾಗೇ ಇದ್ದರೂ ಅದಕ್ಕೆ ಕೆಲಸ ಮಾಡು ಎಂದು ಹೇಳುವವರಿಲ್ಲ. ಪಾಂಡವಪುರದಲ್ಲಿ ಟಿಎಸ್‌ಎಚ್ ಒಂದನ್ನೇ ನೋಡಿರುತ್ತಾರೆ, ಥೈರಾಯಿಡ್ ಹಾರ್ಮೋನನ್ನು ನೋಡಿರುವುದಿಲ್ಲ, ಅದಕ್ಕೇ ನಾರ್ಮಲ್ ಎಂದು ಬಂದಿರುತ್ತದೆ ಎಂದರು. ಹೇಳುವವರಿಲ್ಲದೆ ಕೆಲಸ ನಿಲ್ಲುವುದು ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡುವ ನನಗೆ ತಟ್ಟನೆ ಅರ್ಥವಾಯಿತು.

ಅತ್ತೆಗೆ ಕಡಲೆಕಾಳಿನ ಮಾತು ನಂಬಿಕೆಯಾಗಲಿಲ್ಲ. ಅಷ್ಟು ಚಿಕ್ಕದು ಇಷ್ಟು ದೊಡ್ಡ ಗಂಡಸನ್ನು ಮಲಗಿಸುತ್ತದೆಯೇ ಎಂದು ಕೇಳಿದರು. ಡಾಕ್ಟರು ನಕ್ಕರು. ಮಾತ್ರೆ ಜೀವನಪರ್ಯಂತ, ಒಂದು ದಿನವೂ ತಪ್ಪಿಸುವಂತಿಲ್ಲ. ಜ್ವರ ಬಂದರೆ ಸ್ಟೀರಾಯ್ಡ್ ಮಾತ್ರೆಯನ್ನು ಎರಡರಷ್ಟು ಮಾಡಬೇಕು, ವಾಂತಿಯಾದರೆ ಆಸ್ಪತ್ರೆಗೆ ಓಡಿಬರಬೇಕು. ಥೈರಾಯಿಡ್ ಮಾತ್ರೆ ಅದರ ಹಿಂದೆ, ಗಡ್ಡ ಮೀಸೆಯ ಇಂಜೆಕ್ಷನ್ ಇನ್ನೂ ಸ್ವಲ್ಪ ತಡೆದು. ಎಲ್ಲ ವಾಪಸ್ಸು ಬರುತ್ತದೆಯೇ ಎಂದು ನಾನು ಕೇಳಿದೆ. ಬರುತ್ತದೆ ಎಂದರು. ಕೋಪವೂ ಬರುತ್ತದೆಯೇ ಎಂದೆ. ಅದಕ್ಕೆ ಮಾತ್ರೆ ಕೊಟ್ಟಿಲ್ಲ, ನೋಡೋಣ ಎಂದರು.

ಮಾರನೆಯ ಬೆಳಿಗ್ಗೆ ನಾನು ಮುಖ ತೊಳೆಯಲು ಹೋಗಿದ್ದೆ. ವಾರ್ಡಿನ ಕಡೆಯಿಂದ ಒಂದು ದನಿ ಕೇಳಿತು. ಮೊದಲು ಸಣ್ಣದಾಗಿ, ಆಮೇಲೆ ಸ್ವಲ್ಪ ಗಟ್ಟಿಯಾಗಿ. ಉಪ್ಪಿಟ್ಟು ಎಂದರೆ ಏನು, ಅದರಲ್ಲಿ ರವೆ ಎಷ್ಟು ಹುರಿದಿರಬೇಕು, ಈ ಮುದ್ದೆಯಂಥದ್ದನ್ನು ಯಾವ ಧೈರ್ಯದ ಮೇಲೆ ಉಪ್ಪಿಟ್ಟು ಎಂದು ಕರೆದಿರಿ ಎಂದು ಯಾರೋ ತಿಂಡಿ ತಂದವಳನ್ನು ವಿಚಾರಿಸುತ್ತಿದ್ದರು. ನಾನು ನಲ್ಲಿ ಬಿಟ್ಟುಕೊಂಡು ಅಲ್ಲೇ ಗೋಡೆಗೆ ಒರಗಿ ನಿಂತೆ. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ನೀರಿನ ಸದ್ದಿನಲ್ಲಿ ಯಾವುದು ಎಷ್ಟು ಎಂದು ಯಾರಿಗೂ ತಿಳಿಯಲಿಲ್ಲ.

ಡಿಸ್ಚಾರ್ಜ್ ದಿನ ತಮ್ಮಣ್ಣ ವ್ಯಾನು ತೊಳೆಸಿಕೊಂಡು, ಹಿಂದೆ ಹಾಸಿಗೆ ಹಾಕಿಕೊಂಡು ಬಂದಿದ್ದ. ಯಜಮಾನರು ವಾರ್ಡಿನ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಏನ್ಲಾ, ಒಂದ್ ಸಾಲು ಒಳುಕ್ ಉತ್ತಿದ್ದಲ್ಲ, ಯಾರಪ್ಪುಂದ್ಲಾ ಆ ಒಲ?" ಎಂದರು. ತಮ್ಮಣ್ಣನ ಮುಖ ಹಬ್ಬದಂತೆ ಅರಳಿತು. ಅರಳಿದ್ದು ಸ್ವಲ್ಪ ಹೊತ್ತು. ಇವರು ಅಲ್ಲಿಗೇ ನಿಲ್ಲಿಸಲಿಲ್ಲ, ಅವರ ತಾತನ ಕಾಲದ ಅಳತೆಗೆ ಹೋದರು. ಅವನೂ ತಾತನ ಕಾಲಕ್ಕೆ ಹೋದ. ಇಬ್ಬರನ್ನೂ ನರ್ಸು ಬಂದು ಹೊರಗೆ ಕಳಿಸಿದಳು. ತಮ್ಮಣ್ಣ ಸಿಟ್ಟಿನಲ್ಲಿ ಅತ್ತೆಯೊಬ್ಬರನ್ನೇ ಹತ್ತಿಸಿಕೊಂಡು ವ್ಯಾನು ಓಡಿಸಿಕೊಂಡು ಹೋದ. ನಾವಿಬ್ಬರೂ ಬಸ್ಸು ಹಿಡಿದೆವು.

ಅವರಿಗೆ ಕಿಟಕಿಯ ಪಕ್ಕ ಸೀಟು ಬಿಟ್ಟುಕೊಟ್ಟೆ. ಗಾಜು ಸರಿಸಿ ಗಾಳಿಗೆ ಮುಖ ಒಡ್ಡಿದರು. ಮುಖ ಇನ್ನೂ ಬಿಳುಚಿಕೊಂಡೇ ಇತ್ತು, ಮೀಸೆ ಇನ್ನೂ ಬಂದಿರಲಿಲ್ಲ. ಅದು ಬಂದದ್ದು ಇಂಜೆಕ್ಷನ್ ಶುರುವಾಗಿ ಎಷ್ಟೋ ದಿನದ ಮೇಲೆ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಹೊಳೆಯಲ್ಲಿ ಕೆಂಪು ನೀರು ಬಂದಿತ್ತು. ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಆಗ ಕೇಳಿದೆ. ಅಷ್ಟು ತಿಂಗಳು ನಿಮಗೆ ಕೋಪವೇ ಬರುತ್ತಿರಲಿಲ್ಲವೇ ಎಂದೆ.

ಅವರು ಕಿಟಕಿಯಿಂದ ನನ್ನ ಕಡೆ ಮುಖ ತಿರುಗಿಸಿದರು.

"ಬತ್ತಿತ್ತು ಕಣೆ ಭಾಗ್ಯ," ಎಂದರು. "ಒಟ್ಟೆಯಿಂದ ಒಂಟು ಗಂಟ್ಲುಗಂಟ ಬರೋದು. ಬಾಯಿಗ್ ಬರೋ ಒತ್ಗೆ ಸುಸ್ತಾಗಿ ಅಲ್ಲೇ ಕುಂತ್ಕಬುಡದು."

ಅವರ ಕೈ ನನ್ನ ಮಡಿಲಿನ ಬ್ಯಾಗಿನ ಮೇಲಿತ್ತು. ಅದರ ಮೇಲೆ ನನ್ನ ಕೈ ಇಟ್ಟೆ. ಕೈ ಬೆಚ್ಚಗಿತ್ತು.

"ಒಂದೂ ಮರ್ತಿಲ್ಲ," ಎಂದು ಅವರು ಸೀಟಿನಲ್ಲಿ ನೆಟ್ಟಗೆ ಕೂತರು.

ಮರೆತಿರಲಿಲ್ಲ. ಸಂಕ್ರಾಂತಿಯ ದಿನ ಉಪ್ಪೇ ಇಲ್ಲದ ಸಾರಿನಿಂದ ಹಿಡಿದರು. ಎಳ್ಳುಬೆಲ್ಲದಲ್ಲಿ ಕೊಬ್ಬರಿ ಎಲ್ಲಿತ್ತು ಎಂದು ಕೇಳಿದರು. ನಾನು ಉತ್ತರ ಕೊಟ್ಟೆ. ಹಸುವಿಗೆ ಬೂಸಾ ಕಲೆಸಿದ್ದು ನೀರಾಗಿತ್ತು ಎಂದರು. ಅದಕ್ಕೂ ಕೊಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರು ಮೆಲ್ಲಗೆ ಮಾತಾಡಿ ಎಂದ. ಅವನಿಗೆ ಇಬ್ಬರೂ ಸೇರಿ ಉತ್ತರ ಕೊಟ್ಟೆವು. ಪಾಂಡವಪುರ ದಾಟಿತು, ಮಳೆ ಹಿಡಿಯಿತು, ಗಾಜು ಎಳೆದುಕೊಂಡು ಮುಂದುವರಿಸಿದರು. ಕೆ.ಆರ್.ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ನಮ್ಮ ಯಜಮಾನರ ಲೆಕ್ಕ ಇನ್ನೂ ಶಿವರಾತ್ರಿಯವರೆಗೆ ಮಾತ್ರ ಬಂದಿತ್ತು.